ಕಡಲಿಗೆ ಯಾವ ಚಡ್ಡಿ?



ಮೈಸೂರಿಗೂ ಸಮುದ್ರಕ್ಕೂ ನಡುವೆ ಒಂದು ಘಟ್ಟ ಅಡ್ಡ ಇದೆ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ ದಾಟಿ ಸುಳ್ಯದ ಕಡೆ ಇಳಿದರೆ ಮಂಗಳೂರು. ಸುಮಾರು 250 ಕಿಲೋಮೀಟರ್. ಗುಂಡ್ಲುಪೇಟೆ, ಬಂಡೀಪುರದ ಕಡೆಯಿಂದ ಹೋದರೆ ಕೋಳಿಕ್ಕೋಡು. ಅದು ಇನ್ನೂ ಸ್ವಲ್ಪ ಹತ್ತಿರ. ದಸರಾ ರಜೆ ಬರಲಿ, ಕ್ರಿಸ್ಮಸ್ ರಜೆ ಬರಲಿ, ಈ ಎರಡೂ ದಾರಿಗಳಲ್ಲಿ ನಮ್ಮೂರಿನ ಕಾರುಗಳದೇ ಸಾಲು.

ಹೊರಡುವ ಮುಂಚೆ ನಾವು ಎಲ್ಲವನ್ನೂ ಲೆಕ್ಕ ಹಾಕಿ ತುಂಬಿಕೊಳ್ಳುತ್ತೇವೆ. ಪುಳಿಯೋಗರೆ, ಚಕ್ಕುಲಿ, ನೀರಿನ ಕ್ಯಾನು, ಮಕ್ಕಳಿಗೆ ಮರಳಾಟದ ಬಕೆಟ್ಟು, ವಾಂತಿಯ ಮಾತ್ರೆ. ಒಂದನ್ನು ಮಾತ್ರ ಯೋಚಿಸುವುದಿಲ್ಲ. ಗಂಡಸರು ನೀರಿಗೆ ಏನು ಹಾಕಿಕೊಂಡು ಇಳಿಯಬೇಕು?

ಪಣಂಬೂರಿನಲ್ಲೋ ಮಲ್ಪೆಯಲ್ಲೋ ಒಂದು ಭಾನುವಾರ ಸಂಜೆ ನಿಂತವರಿಗೆ ನಾನು ಹೇಳುವ ದೃಶ್ಯ ಗೊತ್ತಿರುತ್ತದೆ. ಒಬ್ಬರು ಆಫೀಸಿನ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿಕೊಂಡು ನಿಂತಿರುತ್ತಾರೆ. ಬೆಲ್ಟೂ ಇರುತ್ತದೆ. ಇನ್ನೊಬ್ಬ ಹುಡುಗ ಜೀನ್ಸ್‌ನಲ್ಲೇ ಕುತ್ತಿಗೆವರೆಗೆ ಇಳಿದಿರುತ್ತಾನೆ. ಮತ್ತೊಬ್ಬರು ಬನಿಯನ್ನು, ಒಳಚಡ್ಡಿ, ಎರಡೂ ಬಿಳಿ. ಒದ್ದೆಯಾದ ಬಿಳಿ ಬಟ್ಟೆ ಏನನ್ನೂ ಮುಚ್ಚುವುದಿಲ್ಲ ಎಂಬುದು ಅವರೊಬ್ಬರಿಗೆ ಮಾತ್ರ ಗೊತ್ತಿರುವುದಿಲ್ಲ. ಪ್ಯಾಂಟು ಮಡಿಸಿದವರದು ಮೊಣಕಾಲು ಮಟ್ಟದ ನೀರು ಸಾಕು ಎಂಬ ಲೆಕ್ಕ. ಅಲೆಗೆ ಆ ಲೆಕ್ಕ ಬರುವುದಿಲ್ಲ. ಮೂರನೆಯ ಅಲೆಗೆ ಸೊಂಟದವರೆಗೆ ಒದ್ದೆ. ಆಮೇಲೆ ರಾತ್ರಿಯೆಲ್ಲ ಆ ಪ್ಯಾಂಟಿನಲ್ಲೇ ಬಸ್ಸಿನ ಪ್ರಯಾಣ.

ಇವತ್ತಿನ ನನ್ನ ಮಾತು ಇಷ್ಟಕ್ಕೇ ಸೀಮಿತ. ಕಡಲತೀರಕ್ಕೆ ಹೋಗುವ ಗಂಡಸು ಯಾವ ಚಡ್ಡಿ ಕೊಳ್ಳಬೇಕು, ಮೇಲೆ ಏನು ಹಾಕಬೇಕು, ನೀರಿನಿಂದ ಎದ್ದ ಮೇಲೆ ಏನು ಉಡಬೇಕು. ಹೆಂಗಸರ ಉಡುಪಿನ ವಿಷಯ ಬೇರೆ. ಅದನ್ನು ಬಲ್ಲ ಹೆಣ್ಣುಮಕ್ಕಳೇ ಇನ್ನೊಂದು ದಿನ ಬಂದು ಮಾತಾಡಿದರೆ ಚೆನ್ನ.

ಮೊದಲು ಅಂಗಡಿಗೆ ಹೋಗೋಣ. ದೇವರಾಜ ಅರಸು ರಸ್ತೆಯಲ್ಲೋ, ಶಿವರಾಂಪೇಟೆಯಲ್ಲೋ ಒಂದು ಅಂಗಡಿ ಅಂದುಕೊಳ್ಳಿ. ಬೀಚಿಗೆ ಒಂದು ಚಡ್ಡಿ ಕೊಡಪ್ಪಾ ಎಂದರೆ ಹುಡುಗ ಒಂದು ಕಟ್ಟು ಬಿಚ್ಚುತ್ತಾನೆ. ಹಳದಿ ನೆಲ, ಹಸಿರು ತೆಂಗಿನ ಮರ, ಕೆಂಪು ಸೂರ್ಯ.

"ಇದು ಬೀಚಿಗೇ ಅಂತ ಬಂದಿರೋದು ಸಾರ್. ಗೋವಾ ಮಾಡೆಲ್."

"ಬಟ್ಟೆ ಯಾವುದಪ್ಪಾ?"

"ಪ್ಯೂರ್ ಕಾಟನ್ ಸಾರ್. ಮುಟ್ಟಿ ನೋಡಿ."

"ಒದ್ದೆ ಆದ್ರೆ?"

"ಒಣಗಿಸ್ಕೊಳ್ಳಿ ಸಾರ್."

ಹುಡುಗನ ಮಾತಿನಲ್ಲಿ ತಪ್ಪೇನಿಲ್ಲ. ಅವನು ಮಾರುವುದು ಒಣಗಿದ ಬಟ್ಟೆಯನ್ನು. ನಾವು ಕನ್ನಡಿಯ ಮುಂದೆ ಹಾಕಿ ನೋಡುವುದೂ ಒಣಗಿದ ಬಟ್ಟೆಯನ್ನೇ. ಆದರೆ ಸಮುದ್ರದಲ್ಲಿ ಅದು ಒಣಗಿರುವುದು ಮೊದಲ ಐದು ನಿಮಿಷ ಮಾತ್ರ. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನೆನೆದ ಮೇಲೆ ಇದು ಹೇಗಿರುತ್ತದೆ? ಮಿಕ್ಕ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ನಮಗೆ ನೀರು ಹೊಸದೇನಲ್ಲ ಎಂದು ನೀವು ಹೇಳಬಹುದು. ನಿಜ. ನಂಜನಗೂಡಿನಲ್ಲಿ ಕಪಿಲೆ ಇದೆ, ಶ್ರೀರಂಗಪಟ್ಟಣದಲ್ಲಿ ಕಾವೇರಿ ಇದೆ, ತಿರುಮಕೂಡಲಿನಲ್ಲಿ ಎರಡೂ ಸೇರುತ್ತವೆ. ಮೈಸೂರಿನ ಹಳಬರು ಈಜು ಕಲಿತದ್ದು ಬಾವಿಯಲ್ಲಿ, ಕಾಲುವೆಯಲ್ಲಿ. ಒಂದು ಪಾಣಿಪಂಚೆ ಸುತ್ತಿಕೊಂಡರೆ ಸ್ನಾನ ಆಯಿತು. ನಿಂತ ನೀರಿಗೆ, ಮೆಲ್ಲಗೆ ಹರಿಯುವ ನೀರಿಗೆ ಅದು ಸಾಕು. ಕಡಲಿನ ರೀತಿ ಬೇರೆ. ಅಲೆ ಮುಂದಿನಿಂದ ಹೊಡೆಯುತ್ತದೆ, ಹಿಂದೆ ಸರಿಯುವಾಗ ಕಾಲ ಬುಡದಿಂದ ಎಳೆಯುತ್ತದೆ. ಪಂಚೆ, ಲುಂಗಿ ಉಟ್ಟವರ ಕಾಲಿಗೆ ಬಟ್ಟೆ ಸುತ್ತಿಕೊಳ್ಳುತ್ತದೆ. ಸೊಂಟದ ಗಂಟು ಸಡಿಲವಾಗುತ್ತದೆ. ಆಮೇಲೆ ಉಪ್ಪು ಇದೆ, ಮರಳು ಇದೆ. ಇವೆರಡೂ ಒದ್ದೆ ಬಟ್ಟೆಯ ಜೊತೆ ಸೇರಿದರೆ ತೊಡೆಯ ಸಂದಿನ ಚರ್ಮ ಕಿತ್ತುಬರುತ್ತದೆ. ರಾತ್ರಿ ಕಾಲಗಲಿಸಿ ನಡೆಯುವ ಪ್ರವಾಸಿಗಳನ್ನು ನೋಡಿದರೆ ಕಾರಣ ಕೇಳಬೇಕಾಗಿಲ್ಲ.

ಹಾಗಾದರೆ ನದಿಗೆ ಸಾಕಾದ ಉಡುಪು ಕಡಲಿಗೆ ಸಾಲದು ಎಂದಾಯಿತು. ಈಗ ಬಟ್ಟೆಯ ವಿಷಯಕ್ಕೆ ಬರೋಣ.

ಹತ್ತಿ ನೀರನ್ನು ಹೀರುತ್ತದೆ. ಮುಟ್ಟಿದರೆ ಒಣಗಿದಂತೆ ಕಾಣುವ 100 ಗ್ರಾಂ ಹತ್ತಿ ಬಟ್ಟೆಯಲ್ಲೂ ಗಾಳಿಯಿಂದ ಹೀರಿದ 7–8 ಗ್ರಾಂ ತೇವ ಇರುತ್ತದೆ. ಪಾಲಿಯೆಸ್ಟರಿನಲ್ಲಿ ಅದು ಅರ್ಧ ಗ್ರಾಂ ಕೂಡ ಇರುವುದಿಲ್ಲ. ನೀರಲ್ಲಿ ಅದ್ದಿದರೆ ಹತ್ತಿಯ ಎಳೆಯೇ ನೀರು ಕುಡಿದು ಉಬ್ಬುತ್ತದೆ. ಪಾಲಿಯೆಸ್ಟರಿನಲ್ಲಿ ನೀರು ಎಳೆಗಳ ನಡುವೆ ನಿಲ್ಲುತ್ತದೆಯೇ ಹೊರತು ಎಳೆಯೊಳಗೆ ಹೋಗುವುದಿಲ್ಲ. ಕೊಡವಿದರೆ ಬಹುಪಾಲು ಉದುರಿಹೋಗುತ್ತದೆ.

ಇಲ್ಲಿ ಒಂದು ಮಾತು. ಒದ್ದೆ ಜೀನ್ಸ್ ಭಾರಕ್ಕೆ ಮುಳುಗಿಸುತ್ತದೆ ಎಂದು ಜನ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಬಟ್ಟೆ ಹೀರಿದ ನೀರಿಗೆ ನೀರಿನೊಳಗೆ ತೂಕವಿಲ್ಲ. ಅಲ್ಲಿ ತೊಂದರೆ ಕೊಡುವುದು ಎಳೆತ. ಕಾಲು ಬಡಿದಾಗಲೆಲ್ಲ ಅಗಲವಾದ, ದಪ್ಪ ಬಟ್ಟೆ ನೀರನ್ನು ಜೊತೆಗೆ ಎಳೆದುಕೊಳ್ಳುತ್ತದೆ. ಮಾಮೂಲಿಗಿಂತ ಬೇಗ ದಣಿವಾಗುತ್ತದೆ. ತೂಕ ಗೊತ್ತಾಗುವುದು ನೀರಿನಿಂದ ಮೇಲೆ ಏಳುವಾಗ. ಹಿಂದಿನಿಂದ ಇನ್ನೊಂದು ಅಲೆ ಬರುತ್ತಿರುವಾಗ, ಕಾಲ ಕೆಳಗಿನ ಮರಳು ಜಾರುತ್ತಿರುವಾಗ, ಸೊಂಟಕ್ಕೆ ಮೂಟೆ ಕಟ್ಟಿಕೊಂಡವರ ಹಾಗೆ ಎದ್ದು ನಿಲ್ಲಬೇಕು. ಅದು ಆಟವಲ್ಲ.

ಮೈಸೂರಿನವರು ಹತ್ತಿಗೆ ಮಾರುಹೋಗುವುದಕ್ಕೆ ನಮ್ಮ ಹವೆಯೂ ಒಂದು ಕಾರಣ. ನಾವು ಇರುವುದು ಸಮುದ್ರಮಟ್ಟದಿಂದ ಸುಮಾರು 2500 ಅಡಿ ಮೇಲೆ. ಇಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ತಾರಸಿಯ ಮೇಲೆ ಹಾಕಿದ ಬಟ್ಟೆ ಮಧ್ಯಾಹ್ನದ ಊಟದ ಹೊತ್ತಿಗೆ ಗರಿಗರಿ. ಅದೇ ಬಟ್ಟೆಯನ್ನು ಮಂಗಳೂರಿನ ಲಾಡ್ಜಿನ ಕಿಟಕಿಗೆ ನೇತುಹಾಕಿ ನೋಡಿ. ಅಲ್ಲಿನ ಗಾಳಿ ಆಗಲೇ ನೀರು ತುಂಬಿಕೊಂಡಿರುತ್ತದೆ. ನಿಮ್ಮ ಚಡ್ಡಿಯ ನೀರಿಗೆ ಅದರಲ್ಲಿ ಜಾಗ ಕಡಿಮೆ. ಮೇಲಾಗಿ ಬಟ್ಟೆಯಲ್ಲಿ ಉಳಿದ ಉಪ್ಪು ರಾತ್ರಿಯಿಡೀ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಬೆಳಿಗ್ಗೆ ಮುಟ್ಟಿದರೆ ನಿನ್ನೆ ಸಂಜೆ ಇದ್ದಷ್ಟೇ ತಣ್ಣಗೆ.

ಇದುವರೆಗೆ ಹೇಳಿದ್ದನ್ನು ಒಮ್ಮೆ ಜ್ಞಾಪಿಸಿಕೊಳ್ಳಿ. ಪ್ರಶ್ನೆ ಒಂದೇ, ನೆನೆದ ಮೇಲೆ ಹೇಗೆ ಎಂಬುದು. ನೀರಿಗೆ ಹತ್ತಿ ಬೇಡ, ಪಾಲಿಯೆಸ್ಟರು ಅಥವಾ ನೈಲಾನು ಇರಲಿ. ಇನ್ನು ಚಡ್ಡಿಯ ಹೊಲಿಗೆ ಹೇಗಿರಬೇಕು? ಅದಕ್ಕೆ ಸರ್ಫಿಂಗ್ ಮಾಡುವವರನ್ನೇ ಕೇಳಬೇಕು. ಇಡೀ ದಿನ ಅಲೆಯ ಜೊತೆ ಹೆಣಗುವವರು ಅವರು.

ಅವರನ್ನು ಹುಡುಕಿ ಪರದೇಶಕ್ಕೆ ಹೋಗಬೇಕಾಗಿಲ್ಲ. ಮಂಗಳೂರಿನಿಂದ ಉಡುಪಿ ಕಡೆ ಹೋಗುವಾಗ ಮೂಲ್ಕಿ ಸಿಗುತ್ತದೆ. ಭಾರತದ ಸರ್ಫಿಂಗ್‌ಗೆ ಅದು ತವರು ಎಂದರೆ ತಪ್ಪಾಗದು. ಅಮೆರಿಕದಿಂದ ಬಂದ ಜಾಕ್ ಹೆಬ್ನರ್ ಎಂಬವರು 2004ರ ಸುಮಾರಿಗೆ ಅಲ್ಲಿ ಆಶ್ರಮದ ಜೊತೆಗೇ ಒಂದು ಸರ್ಫ್ ಕ್ಲಬ್ ಕಟ್ಟಿದರು. ಜನ ಅವರನ್ನು ಸರ್ಫಿಂಗ್ ಸ್ವಾಮಿ ಎಂದೇ ಕರೆದರು. ಪಕ್ಕದ ಸಸಿಹಿತ್ಲುವಿನಲ್ಲಿ, ನಂದಿನಿ ಮತ್ತು ಶಾಂಭವಿ ನದಿಗಳು ಕಡಲು ಸೇರುವ ಕಡೆ, 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಶುರುವಾಯಿತು. ಉಡುಪಿಯ ಬಳಿ ಕೋಡಿ ಬೆಂಗ್ರೆಯಲ್ಲಿ ಇಶಿತಾ ಮಾಳವೀಯ ಮತ್ತು ತುಷಾರ್ ಪಥಿಯಾನ್ ಇನ್ನೊಂದು ಕ್ಲಬ್ ಶುರುಮಾಡಿದರು. ಮೀನುಗಾರರ ಮಕ್ಕಳು ಈಗ ಅಲೆಯ ಮೇಲೆ ನಿಂತು ಬರುತ್ತಾರೆ.

ಸರ್ಫಿಂಗ್ ನೋಡದವರಿಗೆ ಎರಡು ಮಾತಿನಲ್ಲಿ ವಿವರಿಸುತ್ತೇನೆ. ಆಳೆತ್ತರ ಮೀರಿದ ಒಂದು ಹಲಗೆ. ಅದರ ಮೇಲೆ ಹೊಟ್ಟೆ ಅಡಿಯಾಗಿ ಮಲಗಬೇಕು. ಎರಡೂ ಕೈಗಳಿಂದ ನೀರು ಎಳೆಯುತ್ತಾ ಕಡಲೊಳಗೆ ಹೋಗಬೇಕು. ಅಲ್ಲಿ ಹಲಗೆಯ ಎರಡು ಬದಿಗೂ ಕಾಲು ಇಳಿಬಿಟ್ಟು ಕುಳಿತು ಒಳ್ಳೆಯ ಅಲೆಗೆ ಕಾಯಬೇಕು. ಅಲೆ ಎತ್ತಿದ ತಕ್ಷಣ ಒಂದೇ ನೆಗೆತಕ್ಕೆ ಎದ್ದು, ಮೊಣಕಾಲು ಬಾಗಿಸಿ ನಿಲ್ಲಬೇಕು. ಮಲಗುವುದು, ಕೂರುವುದು, ನೆಗೆಯುವುದು, ಬೀಳುವುದು. ಸರ್ಫ್ ಚಡ್ಡಿಯ ಒಂದೊಂದು ಹೊಲಿಗೆಯೂ ಈ ನಾಲ್ಕರಿಂದ ಹುಟ್ಟಿದ್ದು.

ಅದರ ಹಿಂದೆ ಒಬ್ಬ ದರ್ಜಿಯ ಕಥೆ ಇದೆ. ನಮಗೆಲ್ಲ ಹವಾಯಿ ಎಂದರೆ ಚಪ್ಪಲಿ. ಆದರೆ ಸರ್ಫಿಂಗ್ ಬೆಳೆದು ಬಂದ ದ್ವೀಪಗಳವು. ಅಲ್ಲಿನ ಡ್ಯೂಕ್ ಕಹಾನಮೋಕು 1912ರ ಒಲಿಂಪಿಕ್ಸ್‌ನಲ್ಲಿ ಈಜಿಗೆ ಚಿನ್ನ ಗೆದ್ದವನು. ಎರಡು ಮೂರು ವರ್ಷದ ಮೇಲೆ ಆಸ್ಟ್ರೇಲಿಯಕ್ಕೆ ಹೋಗಿ ಸರ್ಫಿಂಗ್ ತೋರಿಸಿ ಬಂದ. ಆ ಕಾಲದ ಈಜುಡುಗೆ ಉಣ್ಣೆಯದು. ನೀರು ಕುಡಿದು ಮೊಣಕಾಲಿಗೆ ಜೋಲುತ್ತಿತ್ತು. ಮುಂದೆ ಹುಡುಗರು ಹಳೆಯ ಪ್ಯಾಂಟುಗಳನ್ನು ಕತ್ತರಿಸಿ ಹಾಕಿಕೊಳ್ಳತೊಡಗಿದರು. ಅವು ಹರಿಯುತ್ತಿದ್ದವು. 1950ರ ದಶಕದಲ್ಲಿ ಮಕಾಹಾ ಎಂಬ ತೀರದ ಹತ್ತಿರ, ವಯನೈ ಎಂಬ ಊರಲ್ಲಿ ಎಂ. ನೀ ಎಂಬ ಜಪಾನಿ ಮೂಲದ ದರ್ಜಿಯ ಅಂಗಡಿ ಇತ್ತು. ಸರ್ಫ್ ಹುಡುಗರು ಅಲ್ಲಿಗೆ ಹೋಗಿ ಅಳತೆ ಕೊಟ್ಟು ಚಡ್ಡಿ ಹೊಲಿಸಿಕೊಳ್ಳತೊಡಗಿದರು. ಗಟ್ಟಿ ಹತ್ತಿ ಬಟ್ಟೆ, ಒಂದರ ಮೇಲೊಂದು ಹೊಲಿಗೆ, ಪಕ್ಕದಲ್ಲಿ ಪಟ್ಟೆ. ಕ್ಯಾಲಿಫೋರ್ನಿಯದಿಂದ ಬಂದವರೂ ಹೊಲಿಸಿಕೊಂಡು ಹೋದರು. ಆಮೇಲೆ ನೈಲಾನ್ ಬಂತು. 1969ರಲ್ಲಿ ಆಸ್ಟ್ರೇಲಿಯದ ಟಾರ್ಕೀ ಎಂಬ ಊರಿನ ಅಲನ್ ಗ್ರೀನ್ ಮತ್ತು ಜಾನ್ ಲಾ ಎಂಬಿಬ್ಬರು ಜಿಪ್ಪು ತೆಗೆದು ವೆಲ್ಕ್ರೋ ಪಟ್ಟಿ, ಒತ್ತುಗುಂಡಿ ಹಾಕಿದ ಚಡ್ಡಿಗಳನ್ನು ಮಾರತೊಡಗಿದರು. ಅವರ ಕಂಪನಿಯ ಹೆಸರನ್ನು ಆಕಾಶವಾಣಿಯಲ್ಲಿ ಹೇಳುವುದು ಬೇಡ. ನಿಮ್ಮ ಮೊಮ್ಮಕ್ಕಳಿಗೆ ಗೊತ್ತಿರುತ್ತದೆ.

ಈ ದರ್ಜಿಯ ಕಥೆ ಓದುವಾಗಲೆಲ್ಲ ನನಗೆ ನಮ್ಮ ಪಟಾಪಟಿ ಚಡ್ಡಿಯೇ ಕಣ್ಣಿಗೆ ಕಟ್ಟುತ್ತದೆ. ಸಿನಿಮಾದವರು ಅದನ್ನು ನಗೆಗೆ ಗುರಿ ಮಾಡಿದ್ದಾರೆ. ಆದರೆ ವಿಚಾರ ಮಾಡಿ ನೋಡಿ. ಗೆರೆಗೆರೆ ಬಟ್ಟೆ. ಅಗಲವಾದ ಕಾಲು, ಕುಕ್ಕರಗಾಲಲ್ಲಿ ಕೂತು ನಾಟಿ ಮಾಡಿದರೂ ಹರಿಯುವುದಿಲ್ಲ. ಸೊಂಟಕ್ಕೆ ಲಾಡಿ. ಎಲೆ ಅಡಿಕೆಗೆ, ದುಡ್ಡಿಗೆ ಒಂದು ಜೇಬು. ಅದೂ ದರ್ಜಿಯ ಹತ್ತಿರ ಅಳತೆ ಕೊಟ್ಟು ಹೊಲಿಸಿದ್ದು. ಕೆಸರುಗದ್ದೆಯ ಕೆಲಸಕ್ಕೆ ನಮ್ಮ ರೈತ ಏನನ್ನು ಕಂಡುಕೊಂಡನೋ ಅಲೆಯ ಕೆಲಸಕ್ಕೆ ಹವಾಯಿಯ ಹುಡುಗರೂ ಹೆಚ್ಚುಕಡಿಮೆ ಅದನ್ನೇ ಕಂಡುಕೊಂಡರು. ಬಟ್ಟೆ ಬದಲಾದರೆ ಪಟಾಪಟಿ ಚಡ್ಡಿ ಮೂಲ್ಕಿಗೆ ಧಾರಾಳವಾಗಿ ಹೋಗಬಹುದು.

ಸರಿ. ಬಟ್ಟೆ ಯಾವುದು ಎಂದು ತಿಳಿಯಿತು, ಹೊಲಿಗೆ ಎಲ್ಲಿಂದ ಬಂತು ಎಂದೂ ತಿಳಿಯಿತು. ಈಗ ಅಂಗಡಿಯಲ್ಲಿ ಕೈಗೆ ತೆಗೆದುಕೊಂಡ ಚಡ್ಡಿಯಲ್ಲಿ ಏನು ನೋಡಬೇಕು? ನಿಧಾನವಾಗಿ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಬಹುದು.

ಮೊದಲು ಸೊಂಟ. ಪೂರ್ತಿ ಎಲಾಸ್ಟಿಕ್ ಇರುವುದು ಹಾಕಿಕೊಳ್ಳಲು ಸುಲಭ, ಬಿಚ್ಚಿಹೋಗುವುದೂ ಅಷ್ಟೇ ಸುಲಭ. ಅಲೆಯೊಂದು ತಲೆಯ ಮೇಲಿಂದ ಹಾದುಹೋದಾಗ ಚಡ್ಡಿಯನ್ನು ಮೊಣಕಾಲಿನ ಹತ್ತಿರ ಹುಡುಕುವ ಪರಿಸ್ಥಿತಿ ಬರಬಾರದು. ಸರ್ಫ್ ಚಡ್ಡಿಗೆ ಚಪ್ಪಟೆಯಾದ, ಹಿಗ್ಗದ ಸೊಂಟಪಟ್ಟಿ ಇರುತ್ತದೆ. ಮುಂದೆ ಬೂಟಿನ ದಾರದಂತೆ ಕಟ್ಟುವ ಲಾಡಿ. ಲಾಡಿ ಅಲಂಕಾರಕ್ಕೆ ಹೊಲಿದದ್ದೋ ನಿಜವಾಗಿ ಬಿಗಿಯುತ್ತದೋ ಎಳೆದು ನೋಡಿ. ಎಷ್ಟೋ ಚಡ್ಡಿಗಳಲ್ಲಿ ಅದು ಬರೀ ತೋರಿಕೆ. ತೀರದಲ್ಲಿ ಮಕ್ಕಳ ಜೊತೆ ಮೊಣಕಾಲು ನೀರಿನಲ್ಲಿ ಆಡುವವರಿಗೆ ಎಲಾಸ್ಟಿಕ್ ಆದರೂ ಆದೀತು, ಒಳಗೆ ಲಾಡಿ ಇದ್ದರೆ.

ಸೊಂಟದ ಅಳತೆಗೂ ಒಂದು ಮಾತು. ನಾವು ಪ್ಯಾಂಟನ್ನು ಹೊಕ್ಕುಳಿನ ಹತ್ತಿರ ಕಟ್ಟುವವರು. ಈ ಚಡ್ಡಿ ಕೂರುವುದು ಹೊಕ್ಕುಳಿಗಿಂತ ಕೆಳಗೆ, ಸೊಂಟದ ಮೂಳೆಯ ಮೇಲೆ. ಹೊಟ್ಟೆ ಇರುವವರು ಹೊಟ್ಟೆಯ ಕೆಳಗೆ ಟೇಪು ಹಿಡಿಯಬೇಕು. ಮೈಸೂರಿನಲ್ಲಿ ಹೊಟ್ಟೆ ಇಲ್ಲದ ಗಂಡಸು ಅಪರೂಪ, ಮಸಾಲೆದೋಸೆಯ ಊರು ಇದು. ಒಣಗಿದಾಗ ಸ್ವಲ್ಪ ಬಿಗಿ ಎನ್ನಿಸುವುದೇ ಇರಲಿ. ನೀರು ತುಂಬಿ ಕೆಳಗೆ ಎಳೆದಾಗ ಅದು ಸರಿಹೋಗುತ್ತದೆ.

ಮುಂಭಾಗದಲ್ಲಿ ಜಿಪ್ಪು ಬೇಡ. ಉಪ್ಪುನೀರಿಗೆ ಲೋಹದ ಜಿಪ್ಪು ಹಿಡಿದುಕೊಳ್ಳುತ್ತದೆ. ಹೊಟ್ಟೆ ಅಡಿಯಾಗಿ ಮಲಗಿದರೆ ಚುಚ್ಚುತ್ತದೆ, ಹಲಗೆಯನ್ನೂ ಗೀರುತ್ತದೆ. ವೆಲ್ಕ್ರೋ ಪಟ್ಟಿ ಅಥವಾ ಬರೀ ಲಾಡಿ ಒಳ್ಳೆಯದು.

ಒಳಗೆ ಬಲೆಯಂಥ ಅಸ್ತರು ಇದೆಯೇ ನೋಡಿ. ಈಜುಕೊಳಕ್ಕೆ ಅದು ಚೆನ್ನ. ಮರಳಿರುವ ತೀರದಲ್ಲಿ ಆ ಬಲೆಯೇ ಜರಡಿಯಾಗಿ ಮರಳು ಹಿಡಿದಿಟ್ಟುಕೊಳ್ಳುತ್ತದೆ. ಸರ್ಫ್ ಚಡ್ಡಿಗಳಲ್ಲಿ ಸಾಮಾನ್ಯವಾಗಿ ಬಲೆ ಇರುವುದಿಲ್ಲ. ಹಾಗಾದರೆ ಒಳಗೇನು ಎಂದು ಕೇಳುತ್ತೀರಿ. ಇಲ್ಲೇ ನಮ್ಮವರು ಎಡವುವುದು. ಒಳ್ಳೆಯ ಪಾಲಿಯೆಸ್ಟರು ಚಡ್ಡಿ ಕೊಂಡು ಅದರೊಳಗೆ ಮಾಮೂಲಿ ಕಾಟನ್ ಒಳಚಡ್ಡಿ ಹಾಕುತ್ತಾರೆ. ಹೊರಗಿನದು ಅರ್ಧ ಗಂಟೆಯಲ್ಲಿ ಒಣಗುತ್ತದೆ, ಒಳಗಿನದು ಸಂಜೆವರೆಗೆ ನೀರು ಬಿಡುತ್ತದೆ. ತೊಡೆ ಉಜ್ಜಿ ಗಾಯವಾಗುವುದು ಹೆಚ್ಚಾಗಿ ಇದರಿಂದ. ಒಳಗೆ ಈಜಿನ ಕಾಸ್ಟ್ಯೂಮು ಹಾಕಿ. ನೀರಿಗಿಳಿಯುವ ಮುಂಚೆ ತೊಡೆಯ ಒಳಬದಿಗೆ ಒಂದಿಷ್ಟು ವ್ಯಾಸಲೀನ್ ಹಚ್ಚಿ. ಕೊಬ್ಬರಿ ಎಣ್ಣೆಯೂ ಆದೀತು.

ಒಳತೊಡೆಯ ಹೊಲಿಗೆಯನ್ನು ಬೆರಳಿನಿಂದ ಸವರಿ. ಉಬ್ಬಿ ನಿಂತಿದ್ದರೆ ಬಿಡಿ, ಚಪ್ಪಟೆಯಾಗಿದ್ದರೆ ಕೊಳ್ಳಿ. ಉದ್ದ ಮೊಣಕಾಲಿನ ಮೇಲೆ ನಿಲ್ಲಬೇಕು. ಐದೂವರೆ ಅಡಿಯ ಆಳಿಗೆ ಸೊಂಟದಿಂದ ಅಂಚಿನವರೆಗೆ 18 ಇಂಚು ಧಾರಾಳ. ಮೊಣಕಾಲು ಮುಚ್ಚುವ ತ್ರೀ ಫೋರ್ತ್ ಒದ್ದೆಯಾದರೆ ಮಂಡಿಗೆ ಅಂಟಿ ಹೆಜ್ಜೆ ಕಟ್ಟಿಹಾಕುತ್ತದೆ. ಟ್ರಯಲ್ ರೂಮಿನಲ್ಲಿ ನೆಟ್ಟಗೆ ನಿಂತು ನೋಡಿಕೊಂಡರೆ ಏನೂ ತಿಳಿಯುವುದಿಲ್ಲ. ಕುಕ್ಕರಗಾಲಲ್ಲಿ ಕುಳಿತು ಏಳಿ. ಒಂದು ಕಾಲನ್ನು ಎತ್ತಿ ಸ್ಟೂಲಿನ ಮೇಲಿಡಿ. ಹೊರಗೆ ಕಾಯುವವರು ಏನಂದುಕೊಂಡರೂ ಪರವಾಗಿಲ್ಲ.

ಜೇಬಿಗೆ ತೂತು ಇರಬೇಕು. ಕೇಳಿ ನಗಬೇಡಿ, ನೀರು ಬಸಿದುಹೋಗುವುದಕ್ಕೆ ಅದು. ತೂತಿಲ್ಲದ ಜೇಬು ಅಲೆಯಲ್ಲಿ ಚೀಲದಂತೆ ಉಬ್ಬುತ್ತದೆ. ಒಂದು ಸಣ್ಣ ಜೇಬು, ಅದರೊಳಗೆ ಬೀಗದ ಕೈ ಕಟ್ಟಲು ಕುಣಿಕೆ. ಅಷ್ಟು ಸಾಕು. ಅಂದಹಾಗೆ, ಉಂಗುರವನ್ನು ಲಾಡ್ಜಿನಲ್ಲೇ ಬಿಟ್ಟು ಹೋಗಿ. ನೀರಿನ ತಂಪಿಗೆ ಬೆರಳು ಸಣ್ಣಗಾಗುತ್ತದೆ, ಉಂಗುರ ಜಾರಿದ್ದು ಗೊತ್ತಾಗುವುದಿಲ್ಲ.

ಕೊನೆಗೆ ಬಣ್ಣ. ನಮ್ಮ ಗಂಡಸರಿಗೆ ಕಡುನೀಲಿ, ಬೂದಿ, ಕಪ್ಪು ಎಂದರೆ ಪ್ರೀತಿ. ಕಡಲಿನ ಬಣ್ಣವೂ ಅದೇ. ಜೀವರಕ್ಷಕನೊಬ್ಬ ದೂರದಿಂದ ಜನರನ್ನು ಎಣಿಸುವಾಗ ನೀಲಿ ಉಡುಪಿನ ತುಂಟ ಹುಡುಗ ನೀರಿನಲ್ಲಿ ಕರಗಿಹೋಗುತ್ತಾನೆ. ಕಿತ್ತಳೆ, ಕೆಂಪು, ನಿಂಬೆ ಹಳದಿ ಕಾಣುತ್ತವೆ. ಮಕ್ಕಳ ಮೇಲಂಗಿಯಲ್ಲಂತೂ ಇದನ್ನು ಬಿಟ್ಟುಕೊಡಬೇಡಿ. ಅಂಗಡಿಯ ಹುಡುಗ ತೋರಿಸಿದ ತೆಂಗಿನ ಮರದ ಹಳದಿ ಚಡ್ಡಿಗೆ ಈ ಒಂದು ವಿಷಯದಲ್ಲಿ ಪೂರ್ತಿ ಅಂಕ ಕೊಡುತ್ತೇನೆ.

ಇಷ್ಟೆಲ್ಲ ಇರುವ ಚಡ್ಡಿಗೆ ಸಾವಿರಾರು ರೂಪಾಯಿ ಕೊಡಬೇಕೇ? ಬೇಕಾಗಿಲ್ಲ. ಕೆಲವು ನೂರು ರೂಪಾಯಿಯ ಆಟದ ಚಡ್ಡಿಯೂ ಮುಕ್ಕಾಲು ಕೆಲಸ ಮಾಡುತ್ತದೆ. ಮನೆಗೆ ತಂದು ಪರೀಕ್ಷೆ ಮಾಡಿ. ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಬಚ್ಚಲುಮನೆಯಲ್ಲಿ ಬಾಗಿಲು ಮುಚ್ಚಿ ನೇತುಹಾಕಿ. ತಾರಸಿಯ ಮೇಲೆ ಬೇಡ. ಅಲ್ಲಿ ಎಲ್ಲ ಬಟ್ಟೆಯೂ ಪಾಸಾಗುತ್ತದೆ. ಬಚ್ಚಲಿನ ತೇವದಲ್ಲಿ ಎರಡು ಮೂರು ಗಂಟೆಯಲ್ಲಿ ಒಣಗಿದರೆ ಕರಾವಳಿಗೆ ಅದು ಸಿದ್ಧ. ಟೈಲರಲ್ಲಿ ಹೊಲಿಸುವ ಆಸೆಯಿದ್ದರೆ ಅದೂ ಆಗುವ ಮಾತೇ. ಟ್ರ್ಯಾಕ್ ಪ್ಯಾಂಟಿಗೆ ಬಳಸುವ ತೆಳು ಪಾಲಿಯೆಸ್ಟರು ತೆಗೆದುಕೊಡಿ. ದಾರವೂ ಪಾಲಿಯೆಸ್ಟರಿನದೇ ಇರಲಿ ಎಂದು ಎರಡು ಸಲ ಹೇಳಿ. ಹತ್ತಿ ದಾರ ಒದ್ದೆಯಲ್ಲೇ ಇದ್ದು ಇದ್ದು ಕೊಳೆಯುತ್ತದೆ; ಬಟ್ಟೆ ಗಟ್ಟಿಯಿದ್ದರೂ ಹೊಲಿಗೆ ಬಿಡುತ್ತದೆ.

ಸೊಂಟದ ಕೆಳಗಿನ ಮಾತು ಮುಗಿಯಿತು. ಹಿಗ್ಗದ ಸೊಂಟಪಟ್ಟಿ, ಬಿಗಿಯುವ ಲಾಡಿ, ಜಿಪ್ಪಿಲ್ಲದ ಮುಂಭಾಗ, ಒಳಗೆ ಹತ್ತಿ ಇಲ್ಲ, ಮೊಣಕಾಲಿನ ಮೇಲಿನ ಉದ್ದ, ಕಣ್ಣಿಗೆ ಹೊಡೆಯುವ ಬಣ್ಣ. ಇನ್ನು ಸೊಂಟದ ಮೇಲೆ.

ಬರೀ ಮೈಯಲ್ಲಿ ಈಜುವುದು ನಮ್ಮ ಪದ್ಧತಿ. ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ ಅದು ನಡೆಯುತ್ತದೆ. ನಡುಹಗಲಲ್ಲಿ ನೀರಿನ ತಂಪಿಗೆ ಸುಡುತ್ತಿರುವುದು ಗೊತ್ತಾಗುವುದಿಲ್ಲ. ರಾತ್ರಿ ಬೆನ್ನು ಹಾಸಿಗೆಗೆ ತಾಗಿದಾಗ ಗೊತ್ತಾಗುತ್ತದೆ. ಬಿಳಿ ಬನಿಯನ್ನು ಕಾಪಾಡುತ್ತದೆ ಎಂದುಕೊಳ್ಳಬೇಡಿ. ತೆಳು ಬಿಳಿ ಹತ್ತಿ ಬಟ್ಟೆ ಒದ್ದೆಯಾದರೆ ಬಿಸಿಲನ್ನು ಇನ್ನೂ ಹೆಚ್ಚು ಒಳಗೆ ಬಿಡುತ್ತದೆ. ಸರ್ಫ್ ಮಾಡುವವರು ಮೈಗಂಟುವ, ಉದ್ದ ತೋಳಿನ ಒಂದು ಅಂಗಿ ಹಾಕುತ್ತಾರೆ. ರ್‍ಯಾಶ್ ಗಾರ್ಡ್ ಎಂದು ಅದರ ಹೆಸರು. ಹಲಗೆಗೆ ಎದೆ ಉಜ್ಜಿ ದದ್ದು ಏಳದಿರಲಿ ಎಂದು ಬಂದದ್ದು ಅದು. ಈಗ ಬಿಸಿಲಿಗೂ ಆಗುತ್ತದೆ. ಅದರ ಚೀಟಿಯಲ್ಲಿ ಯುಪಿಎಫ್ 50 ಎಂದಿದ್ದರೆ ಸೂರ್ಯನ ಅತಿನೇರಳೆ ಕಿರಣದ 50 ಪಾಲಿನಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ ಎಂದರ್ಥ. ಹೊಟ್ಟೆ ಎದ್ದು ಕಾಣುತ್ತದೆ ಎಂದು ಸಂಕೋಚಪಡುವವರು ಸಡಿಲವಾದ ಪಾಲಿಯೆಸ್ಟರ್ ಜೆರ್ಸಿ ಹಾಕಿದರೂ ಆಯಿತು. ಮನೆಯಲ್ಲಿ ಹುಡುಗರ ಕ್ರಿಕೆಟ್ ಜೆರ್ಸಿ ಇರುತ್ತದಲ್ಲ, ಅದೇ.

ಈಗ ನೀರಿನಿಂದ ಎದ್ದಿರಿ. ಇಲ್ಲಿಂದ ಮುಂದೆ ನನ್ನ ಮಾತು ಪೂರ್ತಿ ತಿರುಗುತ್ತದೆ. ಇಲ್ಲಿ ಹತ್ತಿಯೇ ದೊರೆ.

ಚೀಲದಲ್ಲಿ ಒಂದು ತೆಳು ಪಂಚೆ ಅಥವಾ ಲುಂಗಿ ಇರಲಿ. ದಪ್ಪ ಟರ್ಕಿ ಟವೆಲು ಒಂದು ಸಲ ಒದ್ದೆಯಾದರೆ ಕರಾವಳಿಯಲ್ಲಿ ಬೇಗ ಒಣಗುವ ವಸ್ತುವಲ್ಲ. ಪಂಚೆಯಿಂದ ಮೈ ಒರೆಸಿಕೊಳ್ಳಬಹುದು. ಸುತ್ತಿಕೊಂಡು ಅದರ ಮರೆಯಲ್ಲೇ ಚಡ್ಡಿ ಬದಲಿಸಬಹುದು. ಬಟ್ಟೆ ಬದಲಿಸುವ ಕೋಣೆಯ ಮುಂದೆ ಸಾಲು ನಿಲ್ಲಬೇಕಾಗಿಲ್ಲ. ಮರಳಿನ ಮೇಲೆ ಹಾಸಿಕೊಂಡು ಪುಳಿಯೋಗರೆ ತಿನ್ನಬಹುದು. ಇನ್ನೊಂದು ದೊಡ್ಡ ಉಪಯೋಗ ಇದೆ. ನಮ್ಮ ಪ್ರವಾಸದಲ್ಲಿ ಕಡಲು ಮತ್ತು ದೇವರು ಒಟ್ಟಿಗೇ ಬರುತ್ತಾರೆ. ಗೋಕರ್ಣ, ಮುರುಡೇಶ್ವರ, ಉಡುಪಿ. ಕರಾವಳಿಯ ಎಷ್ಟೋ ದೇವಸ್ಥಾನಗಳಲ್ಲಿ ಚಡ್ಡಿಗೆ ಒಳಗೆ ಪ್ರವೇಶವಿಲ್ಲ. ಅಂಗಿ ತೆಗೆಯಬೇಕು ಎನ್ನುವ ಕಡೆಗಳೂ ಇವೆ. ಹಾಗಾಗಿ ಎರಡು ಪಂಚೆ ಇರಲಿ. ಒಂದು ಮರಳಿಗೆ, ಒಂದು ಮಡಿಗೆ.

ಲುಂಗಿಯನ್ನು ಬೀಚಿಗೆ ಉಡುವುದು ಹಳ್ಳಿತನ ಎಂದು ಯಾರಾದರೂ ಮೂಗು ಮುರಿದರೆ ಅವರಿಗೆ ಒಂದು ವಿಷಯ ಹೇಳಿ. 1950, 60ರ ದಶಕಗಳಲ್ಲಿ ಅಮೆರಿಕದ ಕಾಲೇಜು ಹುಡುಗರ ಬೇಸಿಗೆ ಶೋಕಿ ಎಂದರೆ ಮದರಾಸಿನ ಚೌಕುಳಿ ಬಟ್ಟೆ. ನಮ್ಮ ಲುಂಗಿಯ ಒಡಹುಟ್ಟು. ಅದರ ಬಣ್ಣ ಒಗೆದಾಗ ಬಿಡುತ್ತಿತ್ತು. ವ್ಯಾಪಾರಿಗಳು ಅದನ್ನೂ ಒಂದು ಗುಣ ಎಂದೇ ಜಾಹೀರಾತು ಕೊಟ್ಟು ಮಾರಿದರು. ಆ ಬಟ್ಟೆಯ ಚಡ್ಡಿ, ಅಂಗಿ ಹಾಕಿಕೊಂಡು ಅವರು ಕಡಲತೀರದಲ್ಲಿ ಓಡಾಡಿದರು.

ಅಂಗಿಗೆ ಬಂದರೆ, ಸಡಿಲವಾದ ಅರ್ಧ ತೋಳಿನ ಹತ್ತಿ ಅಂಗಿ. ಪ್ಯಾಂಟಿನೊಳಗೆ ಸೇರಿಸದೆ ಬಿಡುವಂಥದ್ದು. ಹೂವಿನ ಚಿತ್ತಾರ ಇದ್ದರೆ ಇರಲಿ. ಹೊನೊಲುಲುವಿನ ದರ್ಜಿಗಳು 1930ರ ದಶಕದಲ್ಲಿ ಜಪಾನಿ ಕಿಮೊನೊ ಬಟ್ಟೆಯಿಂದ ಇಂಥವನ್ನು ಹೊಲಿದು ಲೋಕಕ್ಕೆ ಕೊಟ್ಟರು. ಕಾಲಿಗೆ ರಬ್ಬರ್ ಚಪ್ಪಲಿ. ಚರ್ಮದ ಚಪ್ಪಲಿಗೆ ಉಪ್ಪುನೀರು ವಿಷ. ಬೂಟು ಹಾಕಿಕೊಂಡು ಬಂದವರು ಅದನ್ನು ಕೈಯಲ್ಲಿ ಹಿಡಿದು ತಿರುಗುವುದನ್ನು ನೀವೇ ನೋಡಿದ್ದೀರಿ.

ನಡುವೆ ಒಂದು ಎಚ್ಚರಿಕೆ. ಎಂಥ ಒಳ್ಳೆಯ ಚಡ್ಡಿಯೂ ಕೆಂಪು ಬಾವುಟಕ್ಕೆ ಉತ್ತರವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡಲು ಆಟಕ್ಕೆ ಸಿಗುವುದಿಲ್ಲ. ಜೀವರಕ್ಷಕರು ಸೀಟಿ ಊದಿದರೆ ಮೇಲೆ ಬನ್ನಿ.

ನೀರಿಗೆ ಪಾಲಿಯೆಸ್ಟರು, ತೀರಕ್ಕೆ ಹತ್ತಿ. ಉಳಿದದ್ದು ಮನೆಗೆ ಬಂದ ಮೇಲಿನ ಕೆಲಸ. ಇದು ಸಣ್ಣದು, ಬೇಗ ಹೇಳಿಬಿಡುತ್ತೇನೆ. ಅಂದೇ ರಾತ್ರಿ ಲಾಡ್ಜಿನಲ್ಲೇ ಸಿಹಿನೀರಿನಲ್ಲಿ ಎರಡು ಸಲ ಜಾಲಾಡಿ; ಉಪ್ಪು ಹೋಗದೆ ಬಟ್ಟೆ ಒಣಗದು. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಮಡಿಕೇರಿ ಘಟ್ಟ ಹತ್ತಿಸಬೇಡಿ, ಮೈಸೂರು ತಲುಪುವ ಹೊತ್ತಿಗೆ ಆ ಕವರನ್ನು ಬಿಚ್ಚುವ ಧೈರ್ಯ ಮನೆಯಲ್ಲಿ ಯಾರಿಗೂ ಇರುವುದಿಲ್ಲ. ನೆರಳಲ್ಲಿ ಒಣಗಿಸಿ. ಇಸ್ತ್ರಿ ಬೇಡ, ಬಿಸಿಗೆ ಕರಗುವ ಬಟ್ಟೆ ಅದು. ಮಿಷನ್ನಿಗೆ ಹಾಕುವ ಮುಂಚೆ ಜೇಬು ಹೊರಗೆ ಮಗುಚಿ ಮರಳು ಕೊಡವಿ. ವೆಲ್ಕ್ರೋ ಪಟ್ಟಿಯನ್ನು ಅಂಟಿಸಿಯೇ ಹಾಕಿ. ತೆರೆದಿಟ್ಟರೆ ಅದು ಜೊತೆಯಲ್ಲಿರುವ ಮಗಳ ದುಪಟ್ಟದ ಎಳೆಗಳನ್ನೆಲ್ಲ ಕಿತ್ತು ಹಾಕುತ್ತದೆ, ಮುಂದಿನ ರಜೆಗೆ ಸಮುದ್ರದ ಮಾತನ್ನೇ ಎತ್ತುವ ಹಾಗಿರುವುದಿಲ್ಲ.